ಓದುಗರ ಪ್ರಶ್ನೆ, ಎಂಜಿನಿಯರರ ಉತ್ತರ: ಟೊಳ್ಳು ಉಕ್ಕಿನ ಪೈಪುಗಳ ಬಲ ಎಲ್ಲಿದೆ?

ಚೌಕ, ಆಯತ ಹಾಗೂ ದುಂಡು ಆಕಾರದ ಟೊಳ್ಳು ಉಕ್ಕಿನ ಪೈಪುಗಳನ್ನು ಕಟ್ಟಡಗಳಲ್ಲಿ ಬಳಸುವ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬಹುತೇಕ ಪತ್ರಗಳಲ್ಲಿ ಪೈಪಿನ ಹೊರ ಅಳತೆ ಇದೆ, ಗೋಡೆಯ ದಪ್ಪದ ಮಾತಿಲ್ಲ. ಜೋಡಣೆಯ ಬಗ್ಗೆ ಕೇಳಿದವರಂತೂ ಒಬ್ಬರೇ. ಆದರೆ ಇಂಥ ಕಟ್ಟಡ ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಈ ಎರಡರಿಂದಲೇ ಆದ್ದರಿಂದ ಉತ್ತರಗಳಲ್ಲಿ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಒಳಗೆ ಏನೂ ಇಲ್ಲದ ಪೈಪು ಗಟ್ಟಿ ಸರಳಿಗಿಂತ ಬಲವಾದುದು ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ಉಕ್ಕು ಕಡಿಮೆಯಾದರೆ ಬಲ ಹೆಚ್ಚುವುದು ಹೇಗೆ? ಹಾಗಿದ್ದರೆ ಇಂಗ್ಲಿಷಿನ I ಅಕ್ಷರದ ಆಕಾರದ ಐ ಬೀಮುಗಳನ್ನು ಇನ್ನೂ ಏಕೆ ಬಳಸುತ್ತಾರೆ?
— ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಉಕ್ಕು ಕಡಿಮೆಯಾದರೆ ಬಲ ಹೆಚ್ಚುವುದಿಲ್ಲ, ಅಷ್ಟೇ ಉಕ್ಕನ್ನು ಮಧ್ಯದಿಂದ ದೂರಕ್ಕೆ ಸರಿಸಿದರೆ ಅದು ಬಾಗುವಿಕೆಯನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಹೋಲಿಕೆ ಮಾಡುವಾಗ ತೂಕವನ್ನು ಸಮನಾಗಿ ಇಟ್ಟುಕೊಳ್ಳಬೇಕು. 100 ಮಿ.ಮೀ. ಚೌಕದ, 4 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 11.7 ಕೆ.ಜಿ. ತೂಗುತ್ತದೆ. ಅದೇ ಉಕ್ಕನ್ನು ಗಟ್ಟಿ ಸರಳನ್ನಾಗಿ ಮಾಡಿದರೆ ಸುಮಾರು 39 ಮಿ.ಮೀ. ಚೌಕದ ಸರಳು ಸಿಗುತ್ತದೆ. ಎಳೆದು ನೋಡಿದರೆ ಎರಡೂ ಒಂದೇ ಭಾರವನ್ನು ತಡೆಯುತ್ತವೆ, ಏಕೆಂದರೆ ಎಳೆತದಲ್ಲಿ ಲೆಕ್ಕಕ್ಕೆ ಬರುವುದು ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ. ಆದರೆ ಕಂಬವನ್ನಾಗಿ ನಿಲ್ಲಿಸಿ ಮೇಲಿನಿಂದ ಒತ್ತಿದಾಗ, ಉಕ್ಕು ಜಜ್ಜಿಹೋಗುವುದಕ್ಕೆ ಬಹಳ ಮೊದಲೇ ಉದ್ದನೆಯ ಸರಳು ಪಕ್ಕಕ್ಕೆ ಬಾಗಿ ಕುಸಿಯುತ್ತದೆ. ಹೀಗೆ ಬಾಗಲು ಬೇಕಾದ ಭಾರವು ನೀವು ಓದಿರುವ ಗೈರೇಶನ್ ತ್ರಿಜ್ಯದ, ಅಂದರೆ ಉಕ್ಕು ಮಧ್ಯದಿಂದ ಸರಾಸರಿ ಎಷ್ಟು ದೂರ ಹರಡಿದೆ ಎಂಬ ಅಳತೆಯ, ವರ್ಗವನ್ನು ಅವಲಂಬಿಸಿದೆ. ಗಟ್ಟಿ ಸರಳಿಗೆ ಆ ತ್ರಿಜ್ಯ ಸುಮಾರು 11 ಮಿ.ಮೀ., ಪೈಪಿಗೆ ಸುಮಾರು 39 ಮಿ.ಮೀ. ಆಯ್ಲರ್ ಸೂತ್ರದ ಪ್ರಕಾರ ಬಾಗುವ ಭಾರದಲ್ಲಿ ಹನ್ನೆರಡು ಪಟ್ಟಿನ ಅಂತರ ಬರುತ್ತದೆ.

ಐ ಬೀಮಿನೊಡನೆ ಹೋಲಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 100 ಮಿ.ಮೀ. ಎತ್ತರ, 75 ಮಿ.ಮೀ. ಅಗಲದ ಐ ಬೀಮು ಮೀಟರಿಗೆ 11.5 ಕೆ.ಜಿ., ಅಂದರೆ ನಮ್ಮ ಪೈಪಿನಷ್ಟೇ ತೂಕ. ಅದರ ಬಲವಾದ ದಿಕ್ಕಿನಲ್ಲಿ ಗೈರೇಶನ್ ತ್ರಿಜ್ಯ 42 ಮಿ.ಮೀ. ಇದ್ದರೂ ದುರ್ಬಲ ದಿಕ್ಕಿನಲ್ಲಿ 16.7 ಮಿ.ಮೀ. ಮಾತ್ರ, ಮತ್ತು ಕಂಬವು ಯಾವಾಗಲೂ ತನ್ನ ದುರ್ಬಲ ದಿಕ್ಕನ್ನೇ ಆರಿಸಿಕೊಂಡು ಬಾಗುತ್ತದೆ. ಎರಡಕ್ಕೂ ಒಂದೇ ದರ್ಜೆಯ ಉಕ್ಕೆಂದು ಭಾವಿಸಿ, ಮೂರು ಮೀಟರ್ ಎತ್ತರದ ಕಂಬಕ್ಕೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನಕವಾದ ಐ.ಎಸ್. 800ರ 2007ರ ಆವೃತ್ತಿಯ ಕೋಷ್ಟಕದಿಂದ ಲೆಕ್ಕ ಹಾಕಿದರೆ, ಪೈಪು ಐ ಬೀಮಿನ ಮೂರು ಪಟ್ಟಿಗೂ ಹೆಚ್ಚು ಭಾರವನ್ನು ಹೊರುತ್ತದೆ. ತಿರುಚುವಿಕೆಯ ವಿಷಯದಲ್ಲಂತೂ ಮುಚ್ಚಿದ ಆಕಾರಕ್ಕೂ ತೆರೆದ ಆಕಾರಕ್ಕೂ ಹೋಲಿಕೆಯೇ ಇಲ್ಲ. 100 ಮಿ.ಮೀ. ಸರಾಸರಿ ವ್ಯಾಸದ, 4 ಮಿ.ಮೀ. ದಪ್ಪದ ದುಂಡು ಪೈಪನ್ನು ಉದ್ದಕ್ಕೂ ಗರಗಸದಿಂದ ಒಂದೇ ಒಂದು ಸೀಳು ಸೀಳಿದರೆ ತೂಕದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅದರ ತಿರುಚು ಬಿಗಿತ 450ಕ್ಕೂ ಹೆಚ್ಚು ಪಟ್ಟು ಇಳಿದುಹೋಗುತ್ತದೆ. ಒಂದೇ ಕಂಬದ ಮೇಲೆ ಪಕ್ಕಕ್ಕೆ ಚಾಚಿದ ಹೆದ್ದಾರಿ ಫಲಕಗಳನ್ನು ಪೈಪಿನ ಮೇಲೆ ನಿಲ್ಲಿಸುವುದು ಈ ಕಾರಣಕ್ಕೇ.

ಆದರೆ ನಿಮ್ಮ ಎರಡನೆಯ ಪ್ರಶ್ನೆಯೂ ನ್ಯಾಯವಾದುದು. ಮೇಲಿನಿಂದ ಕೆಳಕ್ಕೆ ಮಾತ್ರ ಬಾಗುವ, ಮೇಲ್ಭಾಗ ಸ್ಲ್ಯಾಬಿನಿಂದ ಹಿಡಿದಿಟ್ಟಂತಿರುವ ತೊಲೆಗೆ ಐ ಬೀಮೇ ಮೇಲು. 200 ಮಿ.ಮೀ. ಎತ್ತರದ ಐ ಬೀಮು ಮೀಟರಿಗೆ ಸುಮಾರು 25 ಕೆ.ಜಿ. ತೂಗಿ 223 ಘನ ಸೆಂ.ಮೀ. ಸೆಕ್ಷನ್ ಮಾಡ್ಯುಲಸ್ (ಬಾಗುವಿಕೆಯನ್ನು ತಡೆಯುವ ಸಾಮರ್ಥ್ಯದ ಅಳತೆ) ಕೊಡುತ್ತದೆ. 200 × 100 ಮಿ.ಮೀ.ನ 6 ಮಿ.ಮೀ. ದಪ್ಪದ ಆಯತ ಪೈಪು 26 ಕೆ.ಜಿ. ತೂಗಿಯೂ 170ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂಬ, ಟ್ರಸ್ಸಿನ (ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿನ) ಒತ್ತಡದ ಅಂಗಗಳು, ತಿರುಚು ಬೀಳುವ ಜಾಗಗಳಲ್ಲಿ ಪೈಪು, ನೇರ ತೊಲೆಗೆ ಐ ಬೀಮು ಎಂಬುದು ಸಾಮಾನ್ಯವಾಗಿ ಸರಿಯಾದ ಆಯ್ಕೆ.

ಗೋಡೆಯನ್ನು ತೆಳುವಾಗಿಸುತ್ತಾ ಪೈಪನ್ನು ಹಿಗ್ಗಿಸುತ್ತಲೇ ಹೋಗಬಹುದೇ ಎಂದು ನೀವು ಮುಂದೆ ಕೇಳಬಹುದು. ಆಗದು. ಒಂದು ಹಂತದ ನಂತರ ಇಡೀ ಕಂಬ ಬಾಗುವ ಮೊದಲೇ ಗೋಡೆ ಅಲ್ಲಲ್ಲಿ ಸುಕ್ಕುಗಟ್ಟಿ ಒಳಕ್ಕೂ ಹೊರಕ್ಕೂ ಉಬ್ಬುತ್ತದೆ. ಬಿದಿರು ಈ ತೊಂದರೆಯನ್ನು ತನ್ನ ಗೆಣ್ಣುಗಳಿಂದ ತಡೆದುಕೊಳ್ಳುತ್ತದೆ. ನಮ್ಮ ಪೈಪಿಗೆ ಗೆಣ್ಣುಗಳಿಲ್ಲ. 310 ಮೆಗಾಪ್ಯಾಸ್ಕಲ್ ಯೀಲ್ಡ್ ಬಲದ (ಉಕ್ಕು ಮತ್ತೆ ಮೊದಲಿನಂತಾಗದೆ ಹಿಗ್ಗತೊಡಗುವ ಮಟ್ಟದ) ಚೌಕ ಪೈಪಿನಲ್ಲಿ, ಮುಖದ ಚಪ್ಪಟೆ ಭಾಗದ ಅಗಲವು ದಪ್ಪದ ಸುಮಾರು 38 ಪಟ್ಟನ್ನು ಮೀರಿದರೆ ಪೂರ್ತಿ ಉಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಐ.ಎಸ್. 800. 100 ಮಿ.ಮೀ. ಚೌಕದ ಪೈಪು 2 ಮಿ.ಮೀ. ದಪ್ಪದ್ದಾದರೆ ಈ ಮಿತಿಯನ್ನು ಆಗಲೇ ದಾಟಿರುತ್ತದೆ.

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳಕ್ಕೆ 30 × 40 ಅಡಿಯ, ಸುತ್ತ ಗೋಡೆಯಿಲ್ಲದ ಚಾವಣಿ ಹಾಕಿಸಬೇಕೆಂದಿದ್ದೇನೆ. ಮೂರಿಂಚಿನ ಚೌಕ ಪೈಪಿನ ಹನ್ನೆರಡು ಕಂಬಗಳು, ಎರಡಿಂಚಿನ ಪೈಪಿನ ಪರ್ಲಿನ್ (ತಗಡನ್ನು ಹೊರುವ ಅಡ್ಡಪಟ್ಟಿ) ಸಾಕೆಂದು ವೆಲ್ಡಿಂಗ್ ಕೆಲಸದವರು ಹೇಳುತ್ತಾರೆ. ಒಬ್ಬರು 2 ಮಿ.ಮೀ. ಎನ್ನುತ್ತಾರೆ, ಇನ್ನೊಬ್ಬರು 3 ಮಿ.ಮೀ. ಎನ್ನುತ್ತಾರೆ. ಯಾರ ಮಾತು ಕೇಳಲಿ? ಪೈಪಿನ ದಪ್ಪ ಹೇಳಿದಷ್ಟೇ ಇದೆಯೆಂದು ತಿಳಿಯುವುದು ಹೇಗೆ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಮೊದಲು ಪೈಪಿನ ಮಾತು ಬಿಟ್ಟು ಗಾಳಿಯ ಮಾತು ಆಡೋಣ. ನಿಮ್ಮಂಥ ತೆರೆದ ಚಾವಣಿಗೆ ಮಳೆನೀರಿನ ಭಾರವಾಗಲಿ ತಗಡಿನ ಭಾರವಾಗಲಿ ದೊಡ್ಡದಲ್ಲ. ಅರ್ಧ ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ ಐದು ಕೆ.ಜಿ.ಯ ಆಸುಪಾಸು ತೂಗುತ್ತದೆ. ಪರ್ಲಿನ್, ಟ್ರಸ್ ಸೇರಿಸಿದರೂ ಹದಿನೈದು ಕೆ.ಜಿ. ಎನ್ನಬಹುದು. ಭಾರತೀಯ ಮಾನಕ ಐ.ಎಸ್. 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಸೂಚಿಸುತ್ತದೆ. 33 ಮೀಟರ್ ವೇಗವನ್ನೇ ಹಿಡಿದರೂ ಒತ್ತಡ ಚದರ ಮೀಟರಿಗೆ ಸುಮಾರು 66 ಕೆ.ಜಿ. ಆಗುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ತೆರೆದ ಚಾವಣಿಯ ಅಡಿಗೆ ನುಗ್ಗಿದಾಗ ಅದು ಚಾವಣಿಯನ್ನು ಎತ್ತುತ್ತದೆ. ನಿಮ್ಮ ಚಾವಣಿಯ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಆ ಒತ್ತಡವೆಲ್ಲ ಮೇಲ್ಮುಖವಾಗಿ ಎಳೆದರೆ ಏಳು ಟನ್ನಿಗೂ ಹೆಚ್ಚು. ಚಾವಣಿಯ ಸ್ವಂತ ತೂಕ ಕಳೆದ ಮೇಲೂ ಹನ್ನೆರಡು ಕಂಬಗಳಲ್ಲಿ ಪ್ರತಿಯೊಂದನ್ನೂ 450 ಕೆ.ಜಿ.ಗೂ ಮಿಕ್ಕ ಬಲ ನೆಲದಿಂದ ಕೀಳಲು ನೋಡುತ್ತದೆ. 60 ಸೆಂ.ಮೀ. ಉದ್ದ, ಅಗಲ, ಆಳದ ಕಾಂಕ್ರೀಟ್ ಗಡ್ಡೆಯ ತೂಕ 500 ಕೆ.ಜಿ.ಯ ಆಸುಪಾಸು. ಅಂದರೆ ಅಷ್ಟು ದೊಡ್ಡ ಗಡ್ಡೆ ಹಾಕಿದರೂ ಲೆಕ್ಕ ಬರೀ ಸರಿಸಮವಾಯಿತು. ಸುರಕ್ಷತೆಯ ಅಂಶವನ್ನೂ ಅಂಚಿನ ಕಂಬಗಳ ಹೆಚ್ಚಿನ ಎಳೆತವನ್ನೂ ಸೇರಿಸಿದರೆ ತಳಪಾಯ ಇನ್ನೂ ದೊಡ್ಡದಾಗಬೇಕು. ಒಂದೂವರೆ ಅಡಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಎರಡು ಬಾಂಡ್ಲಿ ಕಾಂಕ್ರೀಟ್ ಸುರಿದು ಮುಗಿಸುವ ಪದ್ಧತಿಯನ್ನು ದಯವಿಟ್ಟು ಒಪ್ಪಬೇಡಿ. ಹಾರಿಹೋದ ಚಾವಣಿ ಪಕ್ಕದ ಮನೆಯ ಅಂಗಳದಲ್ಲಿರುವ ಮಕ್ಕಳ ಮೇಲೂ ಬೀಳಬಹುದು.

ಇನ್ನು ದಪ್ಪದ ವಿಷಯ. ಭಾರದ ಲೆಕ್ಕ ಮಾತ್ರ ನೋಡಿದರೆ 75 ಮಿ.ಮೀ. ಚೌಕದ 2 ಮಿ.ಮೀ. ಪೈಪು ಕೆಲವು ಕಡೆ ಸಾಕಾದೀತು. ಆದರೂ ಮಲೆನಾಡಿನ ಮಳೆಗೆ ನಾನು ಕಂಬಗಳಿಗೆ 3 ಮಿ.ಮೀ.ಗಿಂತ ಕಡಿಮೆಯ ಪೈಪನ್ನು ಸೂಚಿಸಲಾರೆ. ಬಣ್ಣ ಕಿತ್ತು ತುಕ್ಕು ಅರ್ಧ ಮಿ.ಮೀ. ತಿಂದರೆ 2 ಮಿ.ಮೀ. ಗೋಡೆಯ ಕಾಲು ಭಾಗವೇ ಹೋಯಿತು, 3 ಮಿ.ಮೀ. ಗೋಡೆಯಲ್ಲಿ ಆರನೇ ಒಂದು ಭಾಗ ಹೋಗುತ್ತದೆ. ಅಲ್ಲದೆ ತೆಳು ಗೋಡೆ ವೆಲ್ಡಿಂಗಿನಲ್ಲಿ ತೂತಾಗುತ್ತದೆ, ತಗಡಿನ ಸ್ಕ್ರೂಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಪರ್ಲಿನ್‌ಗೆ ಎರಡಿಂಚಿನ ಚೌಕಕ್ಕಿಂತ 80 × 40 ಮಿ.ಮೀ.ನ ಆಯತ ಪೈಪನ್ನು ನಿಲ್ಲಿಸಿ ಹಾಕುವುದು ಮೇಲು. ಅದೇ ಪೈಪನ್ನು ಮಲಗಿಸಿ ಹಾಕಿದರೆ ಮೂರು ಪಟ್ಟು ಹೆಚ್ಚು ಬಾಗುತ್ತದೆ. ತಗಡು ಕೂರಿಸಲು ಅಗಲ ಸಿಗುತ್ತದೆಂದು ಹಾಗೆ ಮಲಗಿಸಿರುವುದನ್ನು ಎಷ್ಟೋ ಕಡೆ ಕಾಣುತ್ತೇವೆ.

ದಪ್ಪವನ್ನು ಪರೀಕ್ಷಿಸಲು ಇರುವ ಅತ್ಯಂತ ಸುಲಭ ಉಪಾಯವೆಂದರೆ ತಕ್ಕಡಿ. ಪೈಪುಗಳು ಸಾಮಾನ್ಯವಾಗಿ 6 ಮೀಟರ್, ಅಂದರೆ ಇಪ್ಪತ್ತು ಅಡಿಯ ಉದ್ದದಲ್ಲಿ ಬರುತ್ತವೆ. 50 ಮಿ.ಮೀ. ಚೌಕದ ಪೈಪು 3 ಮಿ.ಮೀ. ದಪ್ಪದ್ದಾದರೆ 25.5 ಕೆ.ಜಿ.ಯ ಆಸುಪಾಸು ತೂಗಬೇಕು, ಎರಡೂವರೆ ಮಿ.ಮೀ. ಆದರೆ 21.6 ಕೆ.ಜಿ., 2 ಮಿ.ಮೀ. ಆದರೆ 17.6 ಕೆ.ಜಿ. ದುಂಡು ಪೈಪಿಗೆ ಹೊರ ವ್ಯಾಸದಿಂದ ದಪ್ಪವನ್ನು ಕಳೆದು, ಬಂದುದನ್ನು ದಪ್ಪದಿಂದ ಗುಣಿಸಿ, ಮತ್ತೆ 0.02466ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. ತಯಾರಿಕೆಯಲ್ಲಿ ಸ್ವಲ್ಪ ಏರಿಳಿತಕ್ಕೆ ಮಾನಕದಲ್ಲೇ ಅವಕಾಶವಿದೆ, ಆದರೆ 3 ಮಿ.ಮೀ. ಎಂದು ಕೊಂಡ ಪೈಪು 20 ಕೆ.ಜಿ. ತೂಗಿದರೆ ಅದು ಏರಿಳಿತವಲ್ಲ. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಹೇಳಿದರೆ 16 ಗೇಜ್ ಸುಮಾರು 1.6 ಮಿ.ಮೀ., 14 ಗೇಜ್ ಸುಮಾರು 2 ಮಿ.ಮೀ., 12 ಗೇಜ್ ಸುಮಾರು 2.6 ಮಿ.ಮೀ. ಎಂದು ನೆನಪಿಡಿ. ಪೈಪಿನ ಮೈಮೇಲೆ ಐ.ಎಸ್. 4923 ಎಂಬ ಗುರುತೂ ವೈ.ಎಸ್.ಟಿ. 210, 240 ಅಥವಾ 310 ಎಂಬ ದರ್ಜೆಯೂ ಅಚ್ಚಾಗಿದೆಯೇ ನೋಡಿ. ಆ ಸಂಖ್ಯೆ ಉಕ್ಕಿನ ಯೀಲ್ಡ್ ಬಲವನ್ನು ಹೇಳುತ್ತದೆ. ಕೆಲಸದ ಕರಾರಿನಲ್ಲಿ ಹೊರ ಅಳತೆ, ದಪ್ಪ, ದರ್ಜೆ ಮೂರನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ಟ್ರಸ್ಸುಗಳನ್ನು ಮಾಡಿಕೊಡುವುದೇ ನಮ್ಮ ಕಸುಬು. ಈಚೆಗೆ ಒಂದು ಟ್ರಸ್ಸಿನಲ್ಲಿ ವೆಲ್ಡಿಂಗ್ ಬಿಡಲಿಲ್ಲ, ಆದರೆ ವೆಲ್ಡಿಂಗಿನ ಸುತ್ತ ದೊಡ್ಡ ಪೈಪಿನ ಮೈಯೇ ಉಬ್ಬಿ ಹರಿದುಬಂದಿತು. 100 ಮಿ.ಮೀ. ಚೌಕದ ಪೈಪಿನ ಮೇಲೆ 50 ಮಿ.ಮೀ. ಚೌಕದ ಪೈಪನ್ನು ಕೂರಿಸಿದ್ದೆವು. ತಪ್ಪು ಎಲ್ಲಿ?
— ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಮಾಲೀಕರು, ಹುಬ್ಬಳ್ಳಿ

ಉತ್ತರ: ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲೆಲ್ಲ ಇದು ಮುಖ್ಯವಾದುದು. ನಿಮ್ಮ ವೆಲ್ಡಿಂಗ್ ಸರಿಯಾಗಿಯೇ ಇತ್ತು. ಪೈಪುಗಳ ಅಳತೆಯ ಹೊಂದಾಣಿಕೆ ಸರಿಯಿರಲಿಲ್ಲ. ಚಿಕ್ಕ ಪೈಪು ದೊಡ್ಡ ಪೈಪಿನ ಮುಖದ ನಡುಮಧ್ಯೆ ಕೂತಾಗ ಅದರ ಬಲವೆಲ್ಲ ಆ ತೆಳುವಾದ ಮುಖವನ್ನು ಬಾಗಿಸುತ್ತದೆ. ಮುಖದ ಎರಡು ಅಂಚುಗಳಲ್ಲಿರುವ ಪಕ್ಕದ ಗೋಡೆಗಳು ಗಟ್ಟಿಯಾಗಿದ್ದರೂ ಬಲ ಅಲ್ಲಿಗೆ ತಲುಪಬೇಕಾದರೆ ನಡುವಿನ ಚಪ್ಪಟೆ ತಗಡನ್ನು ದಾಟಿಯೇ ಹೋಗಬೇಕು.

ಪತ್ರದಲ್ಲಿ ದಪ್ಪವನ್ನು ನೀವು ತಿಳಿಸಿಲ್ಲ. ದೊಡ್ಡ ಪೈಪು 4 ಮಿ.ಮೀ., ಚಿಕ್ಕದು 3 ಮಿ.ಮೀ., ಉಕ್ಕು 310ರ ದರ್ಜೆಯದು ಎಂದುಕೊಂಡು ಲೆಕ್ಕ ಹಾಕಿದ್ದೇನೆ. ಚಿಕ್ಕ ಪೈಪನ್ನು ಮಾತ್ರ ಎಳೆದರೆ ಅದು ಸುಮಾರು 17 ಟನ್ ಎಳೆತಕ್ಕೆ ಯೀಲ್ಡ್ ಆಗುತ್ತದೆ. ಆದರೆ ಅದನ್ನು ದೊಡ್ಡ ಪೈಪಿಗೆ ನೆಟ್ಟಗೆ ಕೂರಿಸಿದ ಜೋಡಣೆ, ಈ ಬಗೆಯ ಜೋಡಣೆಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೂತ್ರದ ಪ್ರಕಾರ, ನಾಲ್ಕು ಟನ್ನಿಗೂ ಮೊದಲೇ ಸೋಲುತ್ತದೆ. ಅಂದರೆ ಪೈಪಿಗೆ ಹಣ ಕೊಟ್ಟು ಕೊಂಡ ಬಲದ ಕಾಲು ಭಾಗವೂ ಬಳಕೆಗೆ ಬಂದಿಲ್ಲ. ಚಿಕ್ಕ ಪೈಪಿನ ದಪ್ಪವನ್ನು ಹೆಚ್ಚಿಸಿದರೂ ವೆಲ್ಡಿಂಗನ್ನು ಇನ್ನೊಂದು ಸುತ್ತು ಎಳೆದರೂ ಇದು ಬದಲಾಗದು.

ಬದಲಾಯಿಸುವ ದಾರಿ ಎರಡಿವೆ. ಕೂರಿಸುವ ಪೈಪನ್ನು 80 ಮಿ.ಮೀ. ಚೌಕದ್ದನ್ನಾಗಿ ಮಾಡಿದರೆ ಜೋಡಣೆಯ ಬಲ ಎಂಟೂವರೆ ಟನ್ನಿನ ಆಸುಪಾಸಿಗೆ ಏರುತ್ತದೆ, ಏಕೆಂದರೆ ಈಗ ಬಲ ಪಕ್ಕದ ಗೋಡೆಗಳ ಹತ್ತಿರಕ್ಕೆ ಬಂದಿತು. ಅಥವಾ 50 ಮಿ.ಮೀ. ಪೈಪನ್ನೇ ಉಳಿಸಿಕೊಂಡು ದೊಡ್ಡ ಪೈಪಿನ ಗೋಡೆಯನ್ನು 6 ಮಿ.ಮೀ.ಗೆ ಏರಿಸಿದರೂ ಹೆಚ್ಚುಕಡಿಮೆ ಅಷ್ಟೇ ಬಲ ಬರುತ್ತದೆ, ಏಕೆಂದರೆ ಜೋಡಣೆಯ ಬಲ ಆ ಗೋಡೆಯ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಟ್ರಸ್ಸಿನ ಮೇಲಿನ ಮತ್ತು ಕೆಳಗಿನ ಉದ್ದ ಪೈಪುಗಳನ್ನು ಕಿರಿದಾಗಿಯೂ ದಪ್ಪವಾಗಿಯೂ, ನಡುವಿನ ಅಡ್ಡ ಪೈಪುಗಳನ್ನು ಅದರ ಅಗಲಕ್ಕೆ ಹತ್ತಿರವಾಗಿಯೂ ತೆಳುವಾಗಿಯೂ ಆರಿಸಿಕೊಳ್ಳುವುದು ಉತ್ತಮ. ಈಗಾಗಲೇ ಮಾಡಿಟ್ಟ ಟ್ರಸ್ಸಾದರೆ ಜೋಡಣೆಯ ಜಾಗದಲ್ಲಿ ದೊಡ್ಡ ಪೈಪಿನ ಮುಖದ ಪೂರ್ತಿ ಅಗಲಕ್ಕೆ ಒಂದು ದಪ್ಪ ಪ್ಲೇಟನ್ನು ಸುತ್ತಲೂ ವೆಲ್ಡ್ ಮಾಡಿ, ಅದರ ಮೇಲೆ ಚಿಕ್ಕ ಪೈಪನ್ನು ಕೂರಿಸಬಹುದು. ಪ್ಲೇಟಿನ ದಪ್ಪವನ್ನು ಮಾತ್ರ ಎಂಜಿನಿಯರರಿಂದ ಲೆಕ್ಕ ಹಾಕಿಸಿ.

ವೆಲ್ಡಿಂಗ್ ಬಗ್ಗೆ ಎರಡು ಮಾತು. ನಾಲ್ಕೂ ಬದಿಗೆ ಪೂರ್ತಿ ವೆಲ್ಡ್ ಹಾಕಿ. ಒಳಬದಿಗೆ ಕೈ ಹೋಗುವುದಿಲ್ಲವೆಂದು ಮೂರೇ ಬದಿಗೆ ನಿಲ್ಲಿಸುವುದು ಅಪಾಯ. ದುಂಡು ಪೈಪಿಗೆ ದುಂಡು ಪೈಪು ಸೇರಿಸುವಾಗ ತುದಿಯನ್ನು ಎದುರಿನ ಪೈಪಿನ ಮೈಗೆ ಕೂರುವಂತೆ ಬಾಗಿಸಿ ಕತ್ತರಿಸಬೇಕು. ನೇರವಾಗಿ ಕತ್ತರಿಸಿ, ಉಳಿದ ಸಂದಿನಲ್ಲಿ ಕಬ್ಬಿಣದ ಚೂರು ತುರುಕಿ, ಮೇಲೆ ವೆಲ್ಡ್ ಎಳೆದು ಮುಚ್ಚಿದ ಜೋಡಣೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಟೊಳ್ಳಾಗಿರುತ್ತದೆ. ನಮ್ಮಲ್ಲಿ ಸಿಗುವ ಪೈಪುಗಳು ಹೆಚ್ಚಾಗಿ ಸುರುಳಿ ತಗಡನ್ನು ಪಟ್ಟಿಯಾಗಿ ಸೀಳಿ, ತಣ್ಣಗಿರುವಾಗಲೇ ರೋಲರುಗಳಲ್ಲಿ ದುಂಡಗೆ ಬಾಗಿಸಿ, ಅಂಚುಗಳನ್ನು ಅಧಿಕ ಆವರ್ತನದ ವಿದ್ಯುತ್ತಿನಿಂದ ಕಾಯಿಸಿ ಒತ್ತಿ ಬೆಸೆದು, ಆಮೇಲೆ ಚೌಕಕ್ಕೆ ತಂದವು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ಇಂಥ ಸುರುಳಿ ತಗಡು ತಯಾರಾಗುತ್ತದೆ. ಹೀಗೆ ಬಾಗಿಸಿದಾಗ ಮೂಲೆಗಳಲ್ಲಿ ಉಕ್ಕು ಗಡುಸಾಗಿ, ಹಿಗ್ಗುವ ಗುಣವನ್ನು ಸ್ವಲ್ಪ ಕಳೆದುಕೊಂಡಿರುತ್ತದೆ. ಆದ್ದರಿಂದ ಮುಖ್ಯ ವೆಲ್ಡುಗಳು ಮೂಲೆಯ ಮೇಲೆ ಬರದಂತೆಯೂ ಬೆಸುಗೆಯ ಗೆರೆ ಇರುವ ಮುಖ ಜೋಡಣೆಗೆ ಸಿಗದಂತೆಯೂ ಪೈಪನ್ನು ತಿರುಗಿಸಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಪೈಪಿಗೆ ಹೊರಗೆ ಬಣ್ಣ ಹಚ್ಚಬಹುದು, ಒಳಗಿನ ತುಕ್ಕಿಗೆ ಏನು ಮಾಡುವುದು? ಜಿ.ಐ. ಪೈಪು ತಂದರೆ ತುಕ್ಕಿನ ಚಿಂತೆ ಇಲ್ಲವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಒಳಗಿನ ತುಕ್ಕಿನ ಭಯ ಬಹಳ ಜನರಿಗಿದೆ, ಆದರೆ ಎರಡೂ ತುದಿಗಳನ್ನು ಗಾಳಿಯಾಡದಂತೆ ಮುಚ್ಚಿದ ಪೈಪಿನಲ್ಲಿ ಅದಕ್ಕೆ ಆಸ್ಪದವೇ ಇಲ್ಲ. ತುಕ್ಕಿಗೆ ನೀರೂ ಆಮ್ಲಜನಕವೂ ಬೇಕು. 100 ಮಿ.ಮೀ. ಚೌಕದ ಪೈಪಿನ ಒಂದು ಮೀಟರ್ ಉದ್ದದೊಳಗೆ ಎಂಟೂವರೆ ಲೀಟರ್ ಗಾಳಿ ಇರುತ್ತದೆ. ಅದರಲ್ಲಿರುವ ಆಮ್ಲಜನಕವೆಲ್ಲ ಖರ್ಚಾದರೂ ಐದೂವರೆ ಗ್ರಾಂ ಉಕ್ಕು ಮಾತ್ರ ತುಕ್ಕಾಗುತ್ತದೆ, ಗೋಡೆಯ ದಪ್ಪದಲ್ಲಿ ಎರಡು ಮೈಕ್ರಾನ್ ಕೂಡ ಕಡಿಮೆಯಾಗುವುದಿಲ್ಲ. ತೊಂದರೆ ಬರುವುದು ಅರ್ಧ ಮುಚ್ಚಿದ ಪೈಪಿನಲ್ಲಿ. ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಸಿಕ್ಕಿಸಿ ಬಿಟ್ಟಿದ್ದರೆ, ವೆಲ್ಡಿನಲ್ಲಿ ಸೂಜಿಮೊನೆಯ ರಂಧ್ರ ಉಳಿದಿದ್ದರೆ ಅಥವಾ ತಗಡಿನ ಸ್ಕ್ರೂಗಳು ಪೈಪಿನ ಮೇಲ್ಮೈಯನ್ನು ತೂರಿದ್ದರೆ, ಹಗಲು ಕಾದು ಹಿಗ್ಗಿದ ಒಳಗಾಳಿ ಹೊರಹೋಗಿ, ಸಂಜೆ ತಣಿಯುವಾಗ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಾಗೆ ಸೇರಿದ ನೀರು ಕಂಬದ ಬುಡದಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ಆದ್ದರಿಂದ ಪೂರ್ತಿ ಮುಚ್ಚಿ, ಇಲ್ಲವೇ ಬುಡದಲ್ಲಿ ನೀರು ಹರಿದುಹೋಗಲು ಕಾಣುವಂಥ ರಂಧ್ರ ಬಿಡಿ. ಎರಡರ ನಡುವಿನ ಸ್ಥಿತಿಯೇ ಅಪಾಯಕರ.

ಜಿ.ಐ. ಎಂದು ಮಾರುವುದರಲ್ಲಿ ಎರಡು ಬಗೆಗಳಿವೆ. ಸತುವು ಲೇಪಿಸಿದ ತಗಡಿನಿಂದಲೇ ಮಾಡಿದ ಪೈಪು ಒಂದು ಬಗೆ. 120 ಗ್ರಾಂ ಲೇಪನ ಎಂದು ಹೇಳಿದರೆ ಅದು ತಗಡಿನ ಎರಡೂ ಮುಖ ಸೇರಿ ಚದರ ಮೀಟರಿಗೆ ಇರುವ ಸತುವು. ಒಂದು ಮುಖಕ್ಕೆ ಸುಮಾರು 8 ಮೈಕ್ರಾನ್ ಬರುತ್ತದೆ. ಇನ್ನೊಂದು, ಕೆಲಸವನ್ನೆಲ್ಲ ಮುಗಿಸಿದ ಮೇಲೆ ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು. 2ರಿಂದ 5 ಮಿ.ಮೀ. ದಪ್ಪದ ಉಕ್ಕಿಗೆ ಐ.ಎಸ್. 4759ರ ಪ್ರಕಾರ ಚದರ ಮೀಟರಿಗೆ 460 ಗ್ರಾಂ, ಅಂದರೆ ಸುಮಾರು 65 ಮೈಕ್ರಾನ್ ಸತುವು ಇರಬೇಕು. ಕಡಲ ತೀರದ ಉಪ್ಪುಗಾಳಿಯಲ್ಲಿ ಸತುವು ವರ್ಷಕ್ಕೆ 2ರಿಂದ 4 ಮೈಕ್ರಾನ್ ಸವೆಯುವುದು ಸಾಮಾನ್ಯ, ಅಲೆಯ ತುಂತುರು ತಾಗುವಲ್ಲಿ ಇನ್ನೂ ಹೆಚ್ಚು. ಮೊದಲನೆಯ ಬಗೆ ನಿಮ್ಮಲ್ಲಿ ಎರಡು ಮೂರು ಮಳೆಗಾಲ ತಾಳೀತು. ಎರಡನೆಯದು ಹದಿನೈದು ವರ್ಷಕ್ಕೂ ಮೀರಿ ಬಂದೀತು. ಮೊದಲನೆಯದನ್ನು ವೆಲ್ಡ್ ಮಾಡಿದರೆ ಆ ಜಾಗದ ಸತುವು ಸುಟ್ಟುಹೋಗುತ್ತದೆ. ಅಲ್ಲಿ ತಕ್ಷಣವೇ ಉಜ್ಜಿ, ಸತುವಿನ ಪುಡಿ ಹೆಚ್ಚಿರುವ ಬಣ್ಣವನ್ನು ಹಚ್ಚಿಸಬೇಕು. ಸತುವಿನ ಹೊಗೆ ಜ್ವರ ತರಿಸುತ್ತದೆ; ವೆಲ್ಡಿಂಗ್ ಮಾಡುವವರು ಗಾಳಿಯಾಡುವ ಜಾಗದಲ್ಲಿ ಮುಖಗವಸು ಹಾಕಿಕೊಂಡೇ ಕೆಲಸ ಮಾಡಲಿ.

ತೊಟ್ಟಿಯಲ್ಲಿ ಅದ್ದಿಸುವುದಾದರೆ ಮೇಲೆ ಹೇಳಿದ ಮುಚ್ಚುವ ನಿಯಮ ತಿರುಗುಮುರುಗಾಗುತ್ತದೆ. ಸತುವಿನ ತೊಟ್ಟಿಯ ಬಿಸಿ 450 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಪೂರ್ತಿ ಮುಚ್ಚಿದ ಪೈಪಿನೊಳಗೆ ಸ್ವಲ್ಪ ತೇವವಿದ್ದರೂ ಆವಿಯಾಗಿ ಸಿಡಿದು ತೊಟ್ಟಿಯ ಪಕ್ಕದಲ್ಲಿ ನಿಂತವರ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಗಾಳಿ ಹೋಗಲೂ ಸತುವು ಒಳಗೆ ಹರಿದು ಹೊರಬರಲೂ ಪ್ರತಿ ಪೈಪಿಗೆ ರಂಧ್ರಗಳನ್ನು ಅದ್ದುವ ಮೊದಲೇ ಕೊರೆದಿರಬೇಕು. ಒಳಮೈಗೂ ಸತುವು ಹತ್ತುವುದು ಇದರ ಲಾಭ.

ಇನ್ನೊಂದು ಮಾತು. ಕಂಬವನ್ನು ನೆಲದ ಕಾಂಕ್ರೀಟಿನಲ್ಲಿ ಹೂಳಬೇಡಿ. ಕಾಂಕ್ರೀಟೂ ಪೈಪೂ ಸೇರುವ ಗೆರೆಯಲ್ಲೇ ನೀರು ನಿಂತು ತುಕ್ಕು ಮೊದಲಾಗುತ್ತದೆ. ನೆಲದಿಂದ ಅರ್ಧ ಅಡಿ ಮೇಲಕ್ಕೆ ಕಾಂಕ್ರೀಟ್ ಪೀಠ ಕಟ್ಟಿ, ಬೇಸ್ ಪ್ಲೇಟ್ ಇಟ್ಟು, ಆಂಕರ್ ಬೋಲ್ಟುಗಳಿಂದ ಬಿಗಿಯಿರಿ.

ಪ್ರಶ್ನೆ: ಹಳೆಯ ನೀರಿನ ಪೈಪುಗಳು ಬಹಳಷ್ಟು ಉಳಿದಿವೆ. ದನದ ಕೊಟ್ಟಿಗೆಗೆ ಕಂಬವಾಗಿ ಬಳಸಬಹುದೇ?
— ರೈತರು, ತಿಪಟೂರು

ಉತ್ತರ: ಸಣ್ಣ ಕೊಟ್ಟಿಗೆಗೆ ಬಳಸಬಹುದು. ಐ.ಎಸ್. 1239ರ ನೀರಿನ ಪೈಪುಗಳಲ್ಲಿ ಹಳದಿ ಪಟ್ಟಿಯದು ಎ ಕ್ಲಾಸ್, ನೀಲಿಯದು ಬಿ, ಕೆಂಪಿನದು ಸಿ ಕ್ಲಾಸ್. ಕಂಬಕ್ಕೆ ಬಿ ಅಥವಾ ಸಿ ಕ್ಲಾಸಿನವನ್ನು ಆರಿಸಿ. ಎರಡಿಂಚಿನ ಪೈಪು ಎಂದು ಕರೆಯುವುದರ ಹೊರ ವ್ಯಾಸ 60.3 ಮಿ.ಮೀ. ಇರುತ್ತದೆ ಎಂಬುದನ್ನು ಕ್ಲ್ಯಾಂಪ್ ತರುವಾಗ ಗಮನಿಸಿ. ಒಳಗೆ ತುಕ್ಕು ಎಷ್ಟಿದೆಯೆಂದು ತುದಿ ಕತ್ತರಿಸಿ ನೋಡದೆ ಬಳಸಬೇಡಿ. ಕಟ್ಟಡಕ್ಕೆಂದೇ ಮಾಡಿದ ದುಂಡು ಪೈಪುಗಳಿಗೆ ಐ.ಎಸ್. 1161 ಎಂಬ ಬೇರೆ ಮಾನಕವಿದೆ. ದೊಡ್ಡ ಕೆಲಸಕ್ಕೆ ಅದೇ ಬೇಕು.

ಪ್ರಶ್ನೆ: ಮೂವತ್ತು ವರ್ಷ ಹಳೆಯ ಮನೆಯ ಮಹಡಿ ಮೇಲೆ ಉಕ್ಕಿನ ಪೈಪುಗಳಿಂದ ಎರಡು ಕೋಣೆ ಕಟ್ಟಿಸಬಹುದೇ? ಹಗುರವಾದುದರಿಂದ ತೊಂದರೆಯಿಲ್ಲ ಎನ್ನುತ್ತಾರೆ.
— ಗೃಹಿಣಿ, ಬೆಂಗಳೂರು

ಉತ್ತರ: ಹಗುರ ಎಂಬುದು ನಿಜ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹತ್ತಡಿ ಎತ್ತರಕ್ಕೆ ಮೀಟರ್ ಉದ್ದಕ್ಕೆ ಸುಮಾರು 1,400 ಕೆ.ಜಿ. ತೂಗುತ್ತದೆ, ಪೈಪಿನ ಚೌಕಟ್ಟಿಗೆ ಎರಡೂ ಕಡೆ ಸಿಮೆಂಟ್ ಬೋರ್ಡ್ ಹೊದಿಸಿದ ಗೋಡೆ ಅದರ ಹತ್ತನೇ ಒಂದು ಭಾಗವೂ ತೂಗುವುದಿಲ್ಲ. ಆದರೆ ಇಟ್ಟಿಗೆ ಗೋಡೆ ತನ್ನ ಭಾರವನ್ನು ಉದ್ದಕ್ಕೂ ಹಂಚುತ್ತದೆ, ಉಕ್ಕಿನ ಕಂಬ ಅಂಗೈ ಅಗಲದ ಜಾಗದಲ್ಲಿ ಇಳಿಸುತ್ತದೆ. ಮಹಡಿಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಓಡಾಟದ ಭಾರಕ್ಕೆಂದು ಲೆಕ್ಕ ಹಾಕಿರುತ್ತಾರೆ; ಅದರ ನಡುಮಧ್ಯೆ ಕಂಬ ನಿಲ್ಲಿಸುವುದು ಸರಿಯಲ್ಲ. ಪ್ರತಿಯೊಂದು ಪೈಪು ಕಂಬವೂ ಕೆಳಗಿನ ಕಾಂಕ್ರೀಟ್ ಕಂಬದ ಅಥವಾ ಬೀಮಿನ ತಲೆಯ ಮೇಲೇ ಬರಬೇಕು. ಹಳೆಯ ಮನೆಯಲ್ಲಿ ಕಂಬಗಳೇ ಇಲ್ಲದೆ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂತಿದ್ದರೆ, ಗೋಡೆಯ ಮೇಲೆ ಉದ್ದಕ್ಕೂ ಒಂದು ಉಕ್ಕಿನ ತೊಲೆ ಮಲಗಿಸಿ, ಅದರ ಮೇಲೆ ಕಂಬ ನಿಲ್ಲಿಸಿ ಭಾರವನ್ನು ಹಂಚಬೇಕಾಗುತ್ತದೆ.

ಹಗುರವಾದುದು ಗಾಳಿಗೆ ಸುಲಭದ ತುತ್ತು ಎಂಬುದನ್ನು ಸಾಗರದ ಬೆಳೆಗಾರರಿಗೆ ಬರೆದ ಉತ್ತರದಲ್ಲಿ ನೋಡಿ. ಮಹಡಿಯ ಮೇಲೆ ಗಾಳಿ ಇನ್ನೂ ಜೋರು. ಬೋಲ್ಟುಗಳನ್ನು ಸ್ಲ್ಯಾಬಿನ ಮೇಲಿನ ಸುರ್ಕಿ ಪದರಕ್ಕೋ ಗಾರೆಗೋ ಹೊಡೆದು ಬಿಟ್ಟರೆ ಅವು ಏನನ್ನೂ ಹಿಡಿದಿರುವುದಿಲ್ಲ. ಅದನ್ನು ಕೆತ್ತಿ, ಮೂಲ ಕಾಂಕ್ರೀಟಿನೊಳಗೆ ಕೆಮಿಕಲ್ ಆಂಕರ್ (ರಾಳದ ಅಂಟಿನಿಂದ ಕೂರಿಸುವ ಬೋಲ್ಟು) ಹಾಕಿಸಬೇಕು. ಚೌಕಟ್ಟು ಪಕ್ಕಕ್ಕೆ ವಾಲದಂತೆ ಕನಿಷ್ಠ ಎರಡು ದಿಕ್ಕಿನಲ್ಲಿ ಕರ್ಣದ ಪೈಪುಗಳು ಬೇಕು. ಹಳೆಯ ತಳಪಾಯ ಮತ್ತು ಕಂಬಗಳನ್ನು ಸ್ಟ್ರಕ್ಚರಲ್ ಎಂಜಿನಿಯರರೊಬ್ಬರು ಬಂದು ನೋಡಿದ ಮೇಲೆ, ಸ್ಥಳೀಯ ಸಂಸ್ಥೆಯ ಪರವಾನಗಿ ಪಡೆದ ಮೇಲೆ ಮಾತ್ರ ಪೈಪು ತರಿಸಿ.

ಪ್ರಶ್ನೆ: ಟೊಳ್ಳು ಆಕಾರದ ದೊಡ್ಡ ಕಟ್ಟಡಗಳು ಎಂದಿನಿಂದ ಬಂದವು? ಒಳಗೆ ಕಾಂಕ್ರೀಟ್ ತುಂಬಿದರೆ ಇನ್ನೂ ಬಲವಾಗುವುದಿಲ್ಲವೇ? ಬೆಂಕಿ ಬಿದ್ದರೆ ಏನಾಗುತ್ತದೆ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಆರಂಭದ ದೊಡ್ಡ ಉದಾಹರಣೆಗಳಲ್ಲೊಂದು ಬ್ರಿಟನ್ನಿನ ವೇಲ್ಸ್‌ನಲ್ಲಿತ್ತು. ರಾಬರ್ಟ್ ಸ್ಟೀಫನ್‌ಸನ್ ವಿನ್ಯಾಸ ಮಾಡಿದ, 1850ರಲ್ಲಿ ತೆರೆದ ಬ್ರಿಟಾನಿಯಾ ಸೇತುವೆ 1970ರವರೆಗೆ ರೈಲು ಒಳಗೇ ಓಡುವಷ್ಟು ದೊಡ್ಡ ಆಯತ ಕೊಳವೆಯಾಗಿತ್ತು. ಮುಖ್ಯ ಅಂಕಣಗಳು ಸುಮಾರು 140 ಮೀಟರ್ ಉದ್ದವಿದ್ದವು. ಆ ಕೊಳವೆ ಉಕ್ಕಿನದಲ್ಲ, ಮೆತು ಕಬ್ಬಿಣದ್ದು. ಅದಕ್ಕಾಗಿ ವಿಲಿಯಂ ಫೇರ್‌ಬೇರ್ನ್ ಮತ್ತು ಈಟನ್ ಹಾಡ್ಜ್‌ಕಿನ್‌ಸನ್ ಮಾದರಿಗಳ ಮೇಲೆ ಪರೀಕ್ಷೆ ನಡೆಸಿದಾಗ, ಕೊಳವೆಯ ಮೇಲ್ಭಾಗದ ತೆಳು ತಗಡು ಸುಕ್ಕುಗಟ್ಟಿ ಸೋಲುವುದನ್ನು ಕಂಡು ಅಲ್ಲಿ ಚಿಕ್ಕ ಚಿಕ್ಕ ಕೋಶಗಳನ್ನು ಸೇರಿಸಿದರು. ದಾವಣಗೆರೆಯ ವಿದ್ಯಾರ್ಥಿನಿಗೆ ಹೇಳಿದ ಗೋಡೆಯ ಸುಕ್ಕು ಇದೇ. 1890ರಲ್ಲಿ ಮುಗಿದ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯಲ್ಲಿ ಒತ್ತಡ ಹೊರುವ ಮುಖ್ಯ ಅಂಗಗಳು 12 ಅಡಿ ವ್ಯಾಸದ ಉಕ್ಕಿನ ಕೊಳವೆಗಳು, ಎಳೆತದ ಅಂಗಗಳು ತೆರೆದ ಜಾಲರಿ. ಎಲ್ಲಿ ಟೊಳ್ಳು ಬೇಕು, ಎಲ್ಲಿ ಬೇಡ ಎಂಬುದನ್ನು ಅಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ರಚನೆ ನನಗೆ ತಿಳಿದಿಲ್ಲ. ನಮ್ಮ ದೇಶದಲ್ಲಿ 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಜಮ್ಮು ಮತ್ತು ಕಾಶ್ಮೀರದ ಚಿನಾಬ್ ರೈಲು ಸೇತುವೆಯ ಕಮಾನು 467 ಮೀಟರ್ ಅಗಲ ಚಾಚಿದೆ, ನದಿಯಿಂದ 359 ಮೀಟರ್ ಎತ್ತರದಲ್ಲಿದೆ. ಆ ಕಮಾನು ಉಕ್ಕಿನ ಪೆಟ್ಟಿಗೆಗಳಿಂದ ಆದದ್ದು, ಪೆಟ್ಟಿಗೆಗಳೊಳಗೆ ಕಾಂಕ್ರೀಟ್ ತುಂಬಿದ್ದಾರೆ.

ಇದರಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರವಿದೆ. ಒತ್ತಡ ಹೊರುವ ಅಂಗದಲ್ಲಿ ಕಾಂಕ್ರೀಟ್ ಒಳ್ಳೆಯ ಜೊತೆಗಾರ: ಗೋಡೆ ಒಳಕ್ಕೆ ಸುಕ್ಕಾಗುವುದನ್ನು ಅದು ತಡೆಯುತ್ತದೆ, ಗೋಡೆ ಅದನ್ನು ಸುತ್ತುಗಟ್ಟಿ ಹಿಡಿದು ಬಿರಿಯದಂತೆ ಕಾಯುತ್ತದೆ. ತೊಲೆಗೆ, ಟ್ರಸ್ಸಿಗೆ ತುಂಬಿದರೆ ತೂಕ ಹೆಚ್ಚುವಷ್ಟು ಲಾಭವಿಲ್ಲ. ಮನೆಯ ಗೇಟಿನ ಪೈಪಿಗೆ ಉಳಿದ ಸಿಮೆಂಟ್ ಗಾರೆ ಸುರಿಯುವ ಅಭ್ಯಾಸವಿದೆ. ಅರೆಬರೆ ತುಂಬಿದ ಆ ಗಾರೆ ನೀರನ್ನು ಹಿಡಿದಿಟ್ಟು ಪೈಪನ್ನೇ ತಿನ್ನಿಸುತ್ತದೆ.

ಬೆಂಕಿಯ ವಿಷಯದಲ್ಲಿ ಬರಿಯ ಪೈಪು ದುರ್ಬಲ. ಉಕ್ಕಿನ ಯೀಲ್ಡ್ ಬಲ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಮತ್ತು 4 ಮಿ.ಮೀ. ಗೋಡೆಯ ರಕ್ಷಣೆಯಿಲ್ಲದ ಪೈಪು ಕಟ್ಟಡದ ದೊಡ್ಡ ಬೆಂಕಿಯಲ್ಲಿ ಕಾಲು ಗಂಟೆಯೊಳಗೇ ಅಷ್ಟು ಕಾಯುತ್ತದೆ. ಆದ್ದರಿಂದ ಜನ ವಾಸಿಸುವ ಅಥವಾ ಸೇರುವ ಕಟ್ಟಡದಲ್ಲಿ ಕಂಬಗಳಿಗೆ ಬೆಂಕಿ ತಡೆಯುವ ಬೋರ್ಡ್ ಅಥವಾ ಕಾದಾಗ ಉಬ್ಬುವ ಬಣ್ಣದ ಹೊದಿಕೆ ಬೇಕು, ಇಲ್ಲವೇ ಒಳಗೆ ಸರಳು ಸಹಿತ ಕಾಂಕ್ರೀಟ್ ತುಂಬಿ, ಹೊರಗೋಡೆ ಸೋತರೂ ಒಳಗಿನ ಕಾಂಕ್ರೀಟೇ ಭಾರ ಹೊರುವಂತೆ ಮಾಡಬೇಕು. ಹೀಗೆ ತುಂಬಿದ ಕಂಬದಲ್ಲಿ ಕಾಂಕ್ರೀಟಿನ ತೇವ ಬೆಂಕಿಯಲ್ಲಿ ಆವಿಯಾಗಿ ಪೈಪನ್ನು ಒಡೆಯದಂತೆ, ಪ್ರತಿ ಮಹಡಿಯಲ್ಲೂ ಕಂಬದ ಬುಡದಲ್ಲೊಂದು ತಲೆಯಲ್ಲೊಂದು ಕನಿಷ್ಠ 20 ಮಿ.ಮೀ. ವ್ಯಾಸದ ರಂಧ್ರವನ್ನು ಬಿಡಲೇಬೇಕು. ಬಣ್ಣ ಬಳಿಯುವವರು ಅಂದಕ್ಕೆಂದು ಅದನ್ನು ಪುಟ್ಟಿ ಹಾಕಿ ಮುಚ್ಚದಂತೆ ಮನೆಯವರೂ ನೋಡಿಕೊಳ್ಳಬೇಕು.